ರಕ್ಕಸತಂಗಡಿಯ ಚಿತ್ರ ಮತ್ತು ಆಲೂರು ಸೀಮೆಯ ಕನ್ನಡ ಶಾಲೆ

ದಖ್ಖನಿನ ಇತಿಹಾಸದಲ್ಲಿ 1565ರ ಕಾಳಗದಷ್ಟು ಮತ್ತೆ ಮತ್ತೆ ಚಿತ್ರಕ್ಕೆ ವಸ್ತುವಾದ ಘಟನೆಗಳು ವಿರಳ. ತಾಳಿಕೋಟೆ, ರಕ್ಕಸತಂಗಡಿ, ಬನ್ನಿಹಟ್ಟಿ ಎಂದು ಅದಕ್ಕೆ ಹೆಸರುಗಳೂ ಹಲವು. ಪಠ್ಯಪುಸ್ತಕಗಳಲ್ಲಿ, ಕ್ಯಾಲೆಂಡರುಗಳಲ್ಲಿ, ನಾಟಕದ ಪರದೆಗಳ ಮೇಲೆ, ಶಾಲೆಯ ಗೋಡೆಗಳ ಮೇಲೆ ಅದು ಬಗೆಬಗೆಯಾಗಿ ಮೂಡಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಆಕರಗಳನ್ನು ನೋಡಿ ಬರೆದವಲ್ಲ, ಹಿಂದಿನ ಚಿತ್ರವೊಂದನ್ನು ನೋಡಿ ಬರೆದವು. ಮೊದಲ ಚಿತ್ರಕಾರನ ಊಹೆ ಎರಡನೆಯವನಿಗೆ ಪ್ರಮಾಣವಾಗುತ್ತದೆ, ಮೂರನೆಯವನಿಗೆ ಅದೇ ಇತಿಹಾಸವಾಗುತ್ತದೆ. ಬರೆಹದಲ್ಲಿ ನುಸುಳಿದ ದೋಷವನ್ನು ಓದುಗನು ಪ್ರಶ್ನಿಸಬಲ್ಲನು. ಹತ್ತು ವರ್ಷದ ಮಗುವು ಗೋಡೆಯ ಮೇಲಿನ ಚಿತ್ರವನ್ನು ಪ್ರಶ್ನಿಸುವುದಿಲ್ಲ, ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ.

ಆಲೂರು, ಹೊಳಗುಂದ, ಆದೋನಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. 1953ರ ಅಕ್ಟೋಬರ್ 1ರವರೆಗೆ ಆಲೂರು ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆ ದಿನ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಹೋಯಿತು. ಅಂದಿನಿಂದ ಇಲ್ಲಿಯ ಮಗುವಿನ ಕೈಗೆ ಬರುವ ವಿಜಯನಗರದ ಕಥೆ ಒಂದಲ್ಲ, ಎರಡು. ಗಡಿಯಾಚೆಯ ಪುಸ್ತಕದಲ್ಲಿ ಅದು ಕರ್ನಾಟಕ ಸಾಮ್ರಾಜ್ಯ. ಈಚೆಯ ಪುಸ್ತಕದಲ್ಲಿ ತೆಲುಗು ಸಾಹಿತ್ಯದ ಸುವರ್ಣಯುಗವನ್ನು ಪೋಷಿಸಿದ ಅರಸೊತ್ತಿಗೆ. ಎರಡೂ ಸುಳ್ಳಲ್ಲ. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ: ಈ ಸೀಮೆಯ ತರಗತಿಯಲ್ಲಿ ಮನೆಮಾತು ಕನ್ನಡವಾದ ಮಗುವಿನ ಪಕ್ಕದಲ್ಲೇ ತೆಲುಗಿನ ಮಗುವೂ ಉರ್ದುವಿನ ಮಗುವೂ ಕುಳಿತಿರುತ್ತಾರೆ. ಕಾಳಗದ ಚಿತ್ರದಲ್ಲಿ ಒಂದು ಪಕ್ಷದವರ ಮುಖಗಳೆಲ್ಲ ದೇವತೆಗಳಂತೆಯೂ ಇನ್ನೊಂದರವೆಲ್ಲ ದೈತ್ಯರಂತೆಯೂ ಇದ್ದರೆ, ಆ ಪೆಟ್ಟು 1565ರ ಸುಲ್ತಾನರಿಗೆ ತಗಲುವುದಿಲ್ಲ, ಪಕ್ಕದ ಮಣೆಯ ಮಗುವಿಗೆ ತಗಲುತ್ತದೆ. ಆದುದರಿಂದ ಚಿತ್ರದ ನಿಖರತೆಯ ಪ್ರಶ್ನೆಯನ್ನು ಇಲ್ಲಿ ವಿದ್ವಾಂಸರ ಹಟವೆಂದು ತಳ್ಳಿಹಾಕುವಂತಿಲ್ಲ.

ಈ ಕಾಳಗದ ಮೊಟ್ಟಮೊದಲ ಚಿತ್ರಗಳು ನಮಗೆ ದೊರೆತಿರುವುದು ಗೆದ್ದವರ ಕಡೆಯಿಂದ. ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನ ವಿಜಯವನ್ನು ಹೊಗಳಿ ಆಫ್ತಾಬಿ ಎಂಬ ಕವಿ ಪಾರಸಿಯಲ್ಲಿ ‘ತಾರೀಫ್-ಇ-ಹುಸೇನ್ ಶಾಹೀ’ ಎಂಬ ಕಾವ್ಯವನ್ನು ರಚಿಸಿದನು. ಅದರ ಸಚಿತ್ರ ಹಸ್ತಪ್ರತಿ ಇಂದು ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಯುದ್ಧ ಮುಗಿದ ಕೆಲವೇ ವರ್ಷಗಳೊಳಗೆ, ಘಟನೆಯನ್ನು ಕಂಡವರು ಬದುಕಿದ್ದಾಗಲೇ ಸಿದ್ಧವಾದ ಪ್ರತಿಯಿದು. ಕುದುರೆಯೇರಿದ ಹುಸೇನ್ ಶಾಹನ ಎದುರಿನಲ್ಲಿ ರಾಮರಾಯನ ಶಿರಚ್ಛೇದವಾಗುತ್ತಿರುವ ಪುಟವು ಬಹಳ ಪ್ರಸಿದ್ಧವಾದದ್ದು. ಆದರೆ ಸಮಕಾಲೀನವೆಂಬ ಮಾತ್ರಕ್ಕೆ ಅದನ್ನು ಛಾಯಾಚಿತ್ರದಂತೆ ನಂಬಲಾಗದು. ಅಲ್ಲಿ ಅಹಮದ್‌ನಗರದ ಸುಲ್ತಾನನೇ ನಾಯಕ. ಮಿತ್ರಪಕ್ಷದ ಉಳಿದವರಿಗೆ ಸಿಕ್ಕಿರುವ ಸ್ಥಾನ ಗೌಣ. ಅದೇ ಹಸ್ತಪ್ರತಿಯಲ್ಲಿ ಸುಲ್ತಾನನ ರಾಣಿ ಖುಂಜಾ ಹುಮಾಯೂನಳ ಆಕೃತಿಯನ್ನು ತರುವಾಯ ಅಳಿಸಿಹಾಕಿರುವುದನ್ನು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ. ಗಂಡ ತೀರಿದ ಮೇಲೆ ಮಗನ ಹೆಸರಿನಲ್ಲಿ ಆಳಿದ ಆಕೆಯನ್ನು ಅಧಿಕಾರದಿಂದ ತಳ್ಳಿದ ಬಳಿಕ ಚಿತ್ರದಿಂದಲೂ ತಳ್ಳಲಾಯಿತು. ಚಿತ್ರವು ಏನನ್ನು ತೋರಿಸುತ್ತದೆ ಎಂಬುದರಷ್ಟೇ ಏನನ್ನು ಅಳಿಸಿದೆ ಎಂಬುದನ್ನೂ ಕೇಳಬೇಕೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಸೀಮೆಯಲ್ಲಿ ಸಿಗದು.

ಬರೆಹದ ಆಕರಗಳಲ್ಲಿ ಎಲ್ಲರೂ ಮೊರೆಹೋಗುವುದು ಫಿರಿಶ್ತಾನನ್ನು. ಅವನು ಬಿಜಾಪುರದ ಆಸ್ಥಾನದಲ್ಲಿ ಕುಳಿತು ತನ್ನ ಇತಿಹಾಸವನ್ನು ಬರೆದದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ, ಎಂದರೆ ಸುಮಾರು ನಾಲ್ಕು ದಶಕಗಳ ನಂತರ. ವೆನಿಸ್‌ನ ವರ್ತಕ ಸೀಸರ್ ಫ್ರೆಡರಿಕ್ ಮಾತ್ರ 1567ರಲ್ಲಿ ವಿಜಯನಗರಕ್ಕೇ ಬಂದು ಏಳು ತಿಂಗಳು ತಂಗಿದ್ದನು. ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಂ ದಳಪತಿಗಳು ತಿರುಗಿ ಬಿದ್ದುದೇ ಸೋಲಿಗೆ ಕಾರಣವೆಂದು ಆತ ಬರೆದನು. ಫಿರಿಶ್ತಾನ ಕಥನದಲ್ಲಿ ನಿರ್ಣಾಯಕವಾದದ್ದು ಫಿರಂಗಿಗಳು ಮತ್ತು ಒಂದು ಆನೆ. ಈ ಎರಡನ್ನೂ ಬೆರೆಸಿ ಒಂದೇ ಚಿತ್ರದಲ್ಲಿ ತುಂಬುವುದು ತರವಲ್ಲ. ಚಿತ್ರಕಾರನು ಒಂದು ಆಕರವನ್ನು ಆರಿಸಿಕೊಂಡು, ಯಾವುದನ್ನು ಆರಿಸಿದೆನೆಂದು ಚಿತ್ರದ ಕೆಳಗೆ ಹೇಳಿದರೆ ಸಾಕು. ಇಬ್ಬರೂ ಒಪ್ಪುವ ಸಂಗತಿಯೆಂದರೆ, ಆ ದಿನವೇ ರಾಮರಾಯನು ಮಡಿದನು ಮತ್ತು ಆ ಸಾವಿನೊಡನೆ ಸೈನ್ಯ ಚದುರಿತು.

ಈಗ ನೆಲಕ್ಕೆ ಬರೋಣ. ಆಲೂರಿನ ಚಿತ್ರಕಾರನಿಗೆ ಬೆಂಗಳೂರಿನವನಿಗಿಲ್ಲದ ಒಂದು ಅನುಕೂಲ ಇಲ್ಲಿದೆ. ತಾಳಿಕೋಟೆ ಸುಲ್ತಾನರ ಪಾಳೆಯವಿದ್ದ ಊರು. ಅದು ಕೃಷ್ಣೆಗೆ ಸುಮಾರು 40 ಕಿಲೋಮೀಟರ್ ಉತ್ತರದಲ್ಲಿದೆ. ರಕ್ಕಸಗಿ ಮತ್ತು ತಂಗಡಗಿ ನದಿಯ ಸಮೀಪದ ಹಳ್ಳಿಗಳು. ಫಿರಿಶ್ತಾನ ಪ್ರಕಾರ ಸುಲ್ತಾನರು ನದಿಯನ್ನು ದಾಟಿದ ಮೇಲೆ ಕಾಳಗ ನಡೆಯಿತು. ಇದನ್ನು ಅನುಸರಿಸಿ ರಾಬರ್ಟ್ ಸಿವೆಲ್ 1900ರ ತನ್ನ ಗ್ರಂಥದಲ್ಲಿ ರಣರಂಗವನ್ನು ಇಂಗಳಿಗಿ ಹೊಳೆದಾಟಿನಿಂದ ಮುದಗಲ್ಲಿನತ್ತ ಹೋಗುವ ದಾರಿಯಲ್ಲಿ ಗುರುತಿಸಿದನು. ಉತ್ತರ ದಡವೋ ದಕ್ಷಿಣ ದಡವೋ ಎಂಬ ಚರ್ಚೆ ಏನೇ ಇರಲಿ, ಎರಡೂ ಕಡೆ ಇರುವುದು ಎರೆನೆಲ. ಹಲವು ಚಿತ್ರಗಳಲ್ಲಿ ಕಾಣುವ ಹಸಿರು ಹುಲ್ಲುಗಾವಲು, ತೆಂಗಿನ ತೋಪು, ಕೆಮ್ಮಣ್ಣು ಇವುಗಳಿಗೆ ಅಲ್ಲಿ ಜಾಗವಿಲ್ಲ. ಆಲೂರಿನ ಸುತ್ತಲಿನ ಹೊಲವನ್ನು ಕಂಡವನಿಗೆ ಆ ಕರಿಮಣ್ಣಿನ ಬಣ್ಣ, ಬಿರುಕು, ಕಾಲಿಗೆ ಅಂಟುವ ಹೆಂಟೆ ಎಲ್ಲವೂ ತಿಳಿದದ್ದೇ.

ಕಾಲದ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಹಿಜರಿ 972ರ ಜಮಾದಿಲಾಖರ್ 20 ಎಂಬ ತೇದಿಯನ್ನು ಇತಿಹಾಸಕಾರರು 1565ರ ಜನವರಿ 23, ಮಂಗಳವಾರ ಎಂದು ಹೊಂದಿಸಿದ್ದಾರೆ. ಜನವರಿ 26, ಶುಕ್ರವಾರ ಎನ್ನುವವರೂ ಉಂಟು. ಇವೆರಡೂ ಹಳೆಯ ಜೂಲಿಯನ್ ಪಂಚಾಂಗದ ದಿನಗಳು. ಇಂದು ನಾವು ಬಳಸುವ ಗ್ರೆಗೋರಿಯನ್ ಪಂಚಾಂಗ ಜಾರಿಗೆ ಬಂದದ್ದು 1582ರಲ್ಲಿ. ಆ ಶತಮಾನಕ್ಕೆ ಹತ್ತು ದಿನಗಳನ್ನು ಕೂಡಿಸಿದರೆ, ಸೂರ್ಯನ ಲೆಕ್ಕದಲ್ಲಿ ಜನವರಿ 23 ಎಂಬುದು ಈಗಿನ ಫೆಬ್ರುವರಿ 2. ಇದು ಪಂಚಾಂಗದ ಕಸರತ್ತಲ್ಲ. ಚಿತ್ರದ ಬೆಳಕು, ಬೆಳೆ, ನೆರಳು ಎಲ್ಲವೂ ಇದರಿಂದ ನಿಶ್ಚಯವಾಗುತ್ತವೆ. ಫೆಬ್ರುವರಿಯ ಮೊದಲ ವಾರ ಎಂದರೆ ಎರೆಹೊಲದಲ್ಲಿ ಹಿಂಗಾರಿ ಜೋಳ ತೆನೆ ಬಲಿತು ನಿಂತ ಕಾಲ. ಕಡಲೆ, ಕುಸುಬೆಗಳೂ ಒಣಗುತ್ತ ಬಂದಿರುತ್ತವೆ. ಹೊಳೆಯಲ್ಲಿ ನೀರು ತಗ್ಗಿದ್ದರಿಂದಲೇ ದಂಡು ದಾಟಲು ಸಾಧ್ಯವಾದದ್ದು. ಉಕ್ಕಿ ಹರಿಯುವ ಕೃಷ್ಣೆಯನ್ನು ಹಿನ್ನೆಲೆಯಲ್ಲಿ ಬರೆದರೆ ಕಾಳಗವೇ ನಡೆಯುತ್ತಿರಲಿಲ್ಲ. ಚಂದ್ರಮಾನದ 20ನೆಯ ದಿನವೆಂದರೆ ಕೃಷ್ಣಪಕ್ಷದ ಐದಾರನೆಯ ತಿಥಿಯ ಹೊತ್ತು. ಆದ್ದರಿಂದ ಮುಂಜಾವಿನ ದೃಶ್ಯ ಬರೆಯುವವನು ಪಡುವಣ ಆಕಾಶದಲ್ಲಿ ಕ್ಷೀಣಚಂದ್ರನನ್ನು ಧಾರಾಳವಾಗಿ ಇಡಬಹುದು. ನಡುಹಗಲಲ್ಲಿ ನೆರಳು ಉತ್ತರಕ್ಕೆ ಬೀಳುತ್ತದೆ, ಅದರ ಉದ್ದ ಆಳೆತ್ತರದ ಮೂರರಲ್ಲಿ ಎರಡು ಪಾಲಿನಷ್ಟು. ಇದನ್ನು ಯಾರೂ ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ: ಫೆಬ್ರುವರಿ 2ರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ಮಕ್ಕಳೇ ಅಳೆದು ನೋಡಬಹುದು. ಅಕ್ಷಾಂಶದಲ್ಲಿ ಆಲೂರಿಗೂ ರಣರಂಗಕ್ಕೂ ಒಂದು ಡಿಗ್ರಿಯಷ್ಟೂ ಅಂತರವಿಲ್ಲ.

ಹಾಗೆಂದು ಕಂಡದ್ದನ್ನೆಲ್ಲ ಬರೆಯುವಂತೆಯೂ ಇಲ್ಲ. ನಮ್ಮ ರಸ್ತೆಯ ಬದಿಯಲ್ಲಿ, ಕೆರೆಯ ಅಂಗಳದಲ್ಲಿ ಎಲ್ಲೆಲ್ಲಿಯೂ ಬೆಳೆದಿರುವ ಬಳ್ಳಾರಿ ಜಾಲಿಯು ಹೆಸರಿಗೆ ನಮ್ಮದಾದರೂ ಹುಟ್ಟಿನಿಂದ ಅಮೆರಿಕದ ಗಿಡ. ಈ ದೇಶಕ್ಕೆ ಅದನ್ನು ತಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಸೂರ್ಯಕಾಂತಿ, ನೆಲಗಡಲೆ, ಮೆಕ್ಕೆಜೋಳಗಳ ಮೂಲವೂ ಆ ಖಂಡವೇ. 1565ರ ಹೊಲದಲ್ಲಿ ಅವುಗಳನ್ನು ಬಿಡಿಸುವುದು ಸೈನಿಕನ ಕೈಗೆ ಗಡಿಯಾರ ಕಟ್ಟಿದಂತೆ. ಅವುಗಳ ಬದಲು ಕರಿಜಾಲಿ, ಬನ್ನಿ, ಬೇವು ಇರಲಿ.

ಉಡುಪಿನ ವಿಷಯದಲ್ಲಿ ನಮ್ಮ ಚಿತ್ರಗಳು ಇನ್ನೂ ಹೆಚ್ಚು ಎಡವಿವೆ. ರಾಮರಾಯನಿಗೆ ಕಿರೀಟ, ತೋಳುಬಂದಿ, ಬರಿಯ ಎದೆ, ಜರಿಯ ಧೋತ್ರ ಇವು ಪೌರಾಣಿಕ ನಾಟಕದಿಂದ ಬಂದ ಉಡುಗೊರೆಗಳು. ವಿಜಯನಗರದ ಆಸ್ಥಾನದ ಗಂಡಸರು ಸಭೆಯಲ್ಲಿ ಧರಿಸುತ್ತಿದ್ದುದು ಉದ್ದನೆಯ ಕಬಾಯಿ ಮತ್ತು ಎತ್ತರದ ಕುಲ್ಲಾಯಿ. ಕಬಾಯಿ ಎಂಬುದು ಅರಬ್ಬಿಯ ‘ಕಬಾ’ದಿಂದಲೂ ಕುಲ್ಲಾಯಿ ಪಾರಸಿಯ ‘ಕುಲಾಹ್’ದಿಂದಲೂ ಬಂದ ಮಾತುಗಳು. ಹಸುಗೂಸಿನ ತಲೆಗೆ ನಾವು ತೊಡಿಸುವ ಕುಲಾವಿಯೂ ಅದೇ ಬಳಗದ ಪದ. ತಿರುಮಲೆಯ ದೇವಾಲಯದಲ್ಲಿರುವ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲೆ ಇರುವುದು ಕಿರೀಟವಲ್ಲ, ಈ ಕುಲ್ಲಾಯಿ. ಲೇಪಾಕ್ಷಿಯ ವೀರಭದ್ರ ದೇವಾಲಯದ ಛಾವಣಿಯ ಹದಿನಾರನೆಯ ಶತಮಾನದ ವರ್ಣಚಿತ್ರಗಳಲ್ಲಿ ಅಂತಹ ಟೊಪ್ಪಿಗೆಗಳನ್ನು ಧರಿಸಿದ ಗಂಡಸರ ಸಾಲುಗಳನ್ನೇ ಕಾಣಬಹುದು. ನಮ್ಮ ಸೀಮೆಯ ಶಾಲೆಯೊಂದು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯಲು ಅದು ದೂರದ ಸ್ಥಳವೇನಲ್ಲ. ಈ ಉಡುಪನ್ನು ಕುರಿತು ಫಿಲಿಪ್ ವ್ಯಾಗನರ್ 1996ರಲ್ಲಿ ಪ್ರಕಟಿಸಿದ ಪ್ರಬಂಧವು ಬಹಳ ಉಪಯುಕ್ತ. ‘ಹಿಂದೂರಾಯ ಸುರತ್ರಾಣ’ ಎಂಬ ವಿಜಯನಗರದ ಅರಸರ ಬಿರುದನ್ನೂ ಈ ಉಡುಪನ್ನೂ ಒಟ್ಟಿಗೆ ಇಟ್ಟು, ಅಂದಿನ ಅರಸನು ತನ್ನನ್ನು ಸುಲ್ತಾನರ ಲೋಕದ ಒಬ್ಬನೆಂದೇ ಕಂಡುಕೊಂಡಿದ್ದನೆಂದು ಅವರು ತೋರಿಸಿದ್ದಾರೆ. ‘ಸುರತ್ರಾಣ’ ಎಂದರೆ ಸುಲ್ತಾನ ಪದದ ಸಂಸ್ಕೃತ ರೂಪವಷ್ಟೆ. ರಾಮರಾಯನ ಪ್ರಾಯವನ್ನೂ ಮರೆಯಬಾರದು. ಪೋರ್ಚುಗೀಸ ಇತಿಹಾಸಕಾರ ಕೊತೊ ಅವನಿಗೆ 96 ವರ್ಷವೆಂದು ಬರೆದದ್ದು ಉತ್ಪ್ರೇಕ್ಷೆಯಿರಬಹುದು. ಎಂಬತ್ತರ ಆಸುಪಾಸು ಎಂಬುದು ಇಂದಿನ ವಿದ್ವಾಂಸರ ಅಂದಾಜು. ಹೇಗೆ ನೋಡಿದರೂ ಆತ ಕರಿಮೀಸೆಯ ನಡುಹರೆಯದ ವೀರನಲ್ಲ.

ಕುದುರೆಯನ್ನೇರಿ ಖಡ್ಗ ಬೀಸುವ ರಾಮರಾಯನೂ ಇದೇ ಕಾರಣಕ್ಕೆ ಅನುಮಾನಾಸ್ಪದ. ಫಿರಿಶ್ತಾ ಹೇಳುವಂತೆ, ಕುದುರೆ ಏರಬೇಕೆಂದು ಸರದಾರರು ಬೇಡಿಕೊಂಡರೂ ಒಪ್ಪದೆ ಅವನು ಪಲ್ಲಕ್ಕಿಯಲ್ಲೇ ರಣಕ್ಕೆ ಬಂದನು. ನಡುವೆ ಇಳಿದು ಮುತ್ತಿನ ಕುಚ್ಚಿನ ಕೆಂಪು ಮಖಮಲ್ಲಿನ ಮೇಲ್ಕಟ್ಟಿನಡಿ ಆಸನದಲ್ಲಿ ಕುಳಿತು, ಸುತ್ತಲೂ ಹಣವನ್ನು ರಾಶಿ ಹಾಕಿಸಿ, ಹೋರಾಡಿದವರಿಗೆ ಅಲ್ಲೇ ಬಹುಮಾನ ಕೊಡುವ ಏರ್ಪಾಡು ಮಾಡಿದನು. ಮತ್ತೆ ಪಲ್ಲಕ್ಕಿಯನ್ನೇರಿದಾಗ ಶತ್ರುಪಕ್ಷದ ಆನೆಯೊಂದು ನುಗ್ಗಿತು, ಬೋಯಿಗಳು ಪಲ್ಲಕ್ಕಿಯನ್ನು ಬಿಟ್ಟು ಓಡಿದರು, ಮುದುಕನು ಸೆರೆಸಿಕ್ಕನು. ಚಿತ್ರಕಾರನಿಗೆ ಇದಕ್ಕಿಂತ ಸಮೃದ್ಧವಾದ ದೃಶ್ಯ ಬೇರೆ ಬೇಕೆ? ಎದುರಿನ ಪಕ್ಷದ ನಡುವಿನಲ್ಲಿ ಹುಸೇನ್ ನಿಜಾಮ್ ಶಾಹ, ಅವನ ಮುಂದೆ ರೂಮಿ ಖಾನನ ಫಿರಂಗಿಗಳು. ಅವು ಮೂರು ಸಾಲಾಗಿ ಒಟ್ಟು 600 ಇದ್ದವೆಂದೂ, ಶತ್ರುಗಳು ಹತ್ತಿರ ಬಂದಾಗ ಗುಂಡಿನ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹಾರಿಸಿದರೆಂದೂ ಅದೇ ಲೇಖಕ ಹೇಳುತ್ತಾನೆ. ಸಂಖ್ಯೆಯನ್ನು ಅವನ ತಲೆಗೇ ಬಿಡೋಣ. ಇಂದು ಬಿಜಾಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಇ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ ಎಂದು ಅದರ ಮೇಲಿನ ಬರೆಹವೇ ಸಾರುತ್ತದೆ. ಅಂದಿನ ತೋಪಿನ ಅಲಂಕಾರ, ಬಾಯಿಯ ಆಕಾರ ತಿಳಿಯಲು ಅದೊಂದು ಮಾದರಿ. ಆನೆ, ಕುದುರೆ, ಕಾಲಾಳುಗಳ ಸಜ್ಜಿಗೆ ಹಂಪಿಯ ಹಜಾರರಾಮ ದೇವಾಲಯದ ಹೊರಪ್ರಾಕಾರದ ಮೆರವಣಿಗೆಯ ಶಿಲ್ಪಗಳನ್ನೂ ಮಹಾನವಮಿ ದಿಬ್ಬದ ಪಟ್ಟಿಕೆಗಳನ್ನೂ ನೋಡಬೇಕು. ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯ ಚಿತ್ರಗಳನ್ನು ಮಾತ್ರ ಮಾದರಿಯಾಗಿ ಹಿಡಿಯುವ ಮುನ್ನ ಯೋಚಿಸಬೇಕು, ಈಗ ಕಾಣುವ ರೂಪದಲ್ಲಿ ಅವು ಬಹಳ ಈಚಿನವೆಂಬುದು ಅನೇಕರ ಅಭಿಪ್ರಾಯ. ಜನಸಮೂಹವು ಧೂಳೆಬ್ಬಿಸುತ್ತ ನುಗ್ಗುವಾಗ ತಲೆಗಳೂ ಕೋಲುಗಳೂ ಹೇಗೆ ಒಂದರ ಮೇಲೊಂದು ಕಾಣುತ್ತವೆ ಎಂಬುದನ್ನು ತಿಳಿಯಲು ನಮ್ಮವರಿಗೆ ಪುಸ್ತಕ ಬೇಡ; ಹೊಳಗುಂದದ ಬಳಿಯ ದೇವರಗಟ್ಟಿನ ವಿಜಯದಶಮಿಯ ರಾತ್ರಿಯನ್ನು ದೂರದಿಂದ ನೋಡಿದವರಿಗೆ ಅದು ಗೊತ್ತು.

ಕಟ್ಟಡಗಳ ಮಾತು ಚಿಕ್ಕದು. ಬಿಜಾಪುರದ ಗುರುತೆಂದು ಗೋಳಗುಮ್ಮಟವನ್ನೂ ಗೋಲ್ಕೊಂಡದ ಗುರುತೆಂದು ಚಾರ್‌ಮಿನಾರನ್ನೂ ಹಿನ್ನೆಲೆಯಲ್ಲಿ ಇಡುವುದು ಸಾಮಾನ್ಯ. ಚಾರ್‌ಮಿನಾರ್ 1591ರದು, ಗೋಳಗುಮ್ಮಟ ಹದಿನೇಳನೆಯ ಶತಮಾನದ ನಡುಭಾಗದ್ದು. ಆದೋನಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಸಿದ್ದಿ ಮಸೂದ್ ಖಾನ್. ಅದೂ ಕಾಳಗದ ಒಂದು ಶತಮಾನದ ಬಳಿಕದ್ದೇ. ಹಂಪಿಯ ಕಲ್ಲಿನ ತೇರು ಆಗ ಇತ್ತು, ಆದರೆ ಇಂದಿನಂತೆ ಮೊಂಡಾಗಿ ಅಲ್ಲ: 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿರುವುದು ಸ್ಪಷ್ಟವಾಗಿದೆ. ಅದಿರಲಿ, ರಣರಂಗದಿಂದ ಹಂಪಿ ಹಲವು ದಿನಗಳ ಪಯಣದ ದೂರ. ತೇರು ಆ ಚಿತ್ರದೊಳಗೆ ಬರಬೇಕಾದ ಕಾರಣವೇ ಇಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಎರಡು ಪಕ್ಷಗಳ ಬಣ್ಣ. ಒಂದು ಕಡೆ ಕೇಸರಿ, ಇನ್ನೊಂದು ಕಡೆ ಹಸಿರು ಬಳಿದರೆ ಕೆಲಸ ಸುಲಭವಾಗುತ್ತದೆ, ಇತಿಹಾಸ ಕೆಡುತ್ತದೆ. ರಾಮರಾಯನು ವಿಜಯನಗರಕ್ಕೆ ಬರುವ ಮೊದಲು ಗೋಲ್ಕೊಂಡದ ಕುತುಬ್ ಶಾಹನ ಸೇವೆಯಲ್ಲಿದ್ದವನು. ಅವನ ವಿರುದ್ಧ ಕತ್ತಿ ಹಿರಿದ ಇಬ್ರಾಹಿಂ ಕುತುಬ್ ಶಾಹನು ತನ್ನ ಯೌವನದ ಏಳು ವರ್ಷಗಳನ್ನು ವಿಜಯನಗರದ ಆಶ್ರಯದಲ್ಲಿ ಕಳೆದಿದ್ದನು. ಅಲಿ ಆದಿಲ್ ಶಾಹನು ರಾಮರಾಯನ ಮಗ ತೀರಿಕೊಂಡಾಗ ಸಂತಾಪ ಹೇಳಲು ತಾನೇ ವಿಜಯನಗರಕ್ಕೆ ಹೋಗಿದ್ದನೆಂದೂ ರಾಮರಾಯನ ಮಡದಿ ಅವನನ್ನು ಮಗನೆಂದು ಕರೆದಳೆಂದೂ ಫಿರಿಶ್ತಾ ಬರೆಯುತ್ತಾನೆ. ರಾಮರಾಯನ ದಂಡಿನಲ್ಲಿ ಮುಸ್ಲಿಂ ದಳಗಳಿದ್ದವು, ಸುಲ್ತಾನರ ದಂಡುಗಳಲ್ಲಿ ಮರಾಠರಿದ್ದರು. ಅಹಮದ್‌ನಗರ ಬಿಜಾಪುರಗಳ ಹಳೆಯ ವೈರವನ್ನು ಮುಚ್ಚಲು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟು, ಸೊಲ್ಲಾಪುರವನ್ನು ಬಳುವಳಿಯಾಗಿ ಕೊಡಬೇಕಾಯಿತು. ಸುಲ್ತಾನರ ಒಗ್ಗಟ್ಟು ಸಹಜವಾದದ್ದಾಗಿದ್ದರೆ ಈ ಮದುವೆಯ ಅಗತ್ಯವೇ ಇರುತ್ತಿರಲಿಲ್ಲ. ಗೆಲುವಿನ ಮೇಲೆ ಆ ಒಗ್ಗಟ್ಟು ಹೆಚ್ಚು ಕಾಲ ಬಾಳಲೂ ಇಲ್ಲ. ಇನ್ನು ‘ರಕ್ಕಸ’ ಎಂಬ ಹೆಸರು. ರಕ್ಕಸಗಿ ಒಂದು ಹಳ್ಳಿ. ಆ ಹಳ್ಳಿಯ ಹೆಸರಿನಿಂದ ಕಾಳಗಕ್ಕೆ ಹೆಸರು ಬಂದಿತೇ ಹೊರತು ಹೋರಾಡಿದವರ ಗುಣದಿಂದಲ್ಲ. ಗಿರೀಶ ಕಾರ್ನಾಡರು 2018ರ ತಮ್ಮ ನಾಟಕಕ್ಕೆ ‘ರಾಕ್ಷಸ-ತಂಗಡಿ’ ಎಂದು ಹೆಸರಿಟ್ಟಾಗಲೂ ಅದರೊಳಗೆ ಕೋರೆಹಲ್ಲಿನವರು ಯಾರೂ ಇರಲಿಲ್ಲ. ಕೋರೆಹಲ್ಲುಗಳು ನಮ್ಮ ಪರದೆಗಳಿಗೆ ಹೇಗೆ ಬಂದವೆಂಬುದನ್ನು ಮಾತ್ರ ಆ ಪದದ ಸದ್ದಿನಲ್ಲೇ ಹುಡುಕಬೇಕು.

ಶಿರಚ್ಛೇದವನ್ನು ಶಾಲೆಯ ಗೋಡೆಯ ಮೇಲೆ ಬರೆಯಬೇಕೇ? ನಿಖರತೆಯ ವಾದವನ್ನು ಹಿಡಿದವರು ಬರೆಯಬೇಕೆಂದೇ ಹೇಳುತ್ತಾರೆ, ಅದು ನಡೆದದ್ದು ನಿಜವಷ್ಟೆ. ನನ್ನ ಅಭಿಪ್ರಾಯ ಬೇರೆ. ಚಿತ್ರವು ಒಂದು ಕ್ಷಣವನ್ನು ಆರಿಸಲೇಬೇಕು, ಆ ಆಯ್ಕೆಯಲ್ಲಿ ಸುಳ್ಳಿಲ್ಲ. ನೆಲದ ಮೇಲೆ ಬಿದ್ದ ಪಲ್ಲಕ್ಕಿ, ಚೆದರಿದ ನಾಣ್ಯಗಳು, ನುಗ್ಗಿದ ಆನೆ, ನಡುವೆ ಒಬ್ಬ ವೃದ್ಧ: ಆಗಬೇಕಾದುದನ್ನೆಲ್ಲ ಈ ಕ್ಷಣವೇ ಹೇಳುತ್ತದೆ. ಶಿರಚ್ಛೇದದ ಪುಟವನ್ನು ಕಂಡುಕೊಳ್ಳಲು ಪ್ರೌಢಶಾಲೆಯ ಮಕ್ಕಳಿಗೆ ಅಹಮದ್‌ನಗರದ ಹಸ್ತಪ್ರತಿಯಿದೆ. ಯಾರು, ಯಾರಿಗಾಗಿ ಬರೆಸಿದರು ಎಂಬ ಪ್ರಶ್ನೆಯೊಡನೆ ಅದನ್ನು ತೋರಿಸಬಹುದು.

ಸ್ಥಳವಿದ್ದರೆ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನೂ ಬರೆಸಬೇಕು, ಏಕೆಂದರೆ ಈ ಕಥೆ ನಮ್ಮ ಸೀಮೆಗೆ ತಲುಪಿದ್ದು ಮೂರು ವರ್ಷಗಳ ನಂತರ. ರಾಮರಾಯನ ಸರದಾರರಲ್ಲೊಬ್ಬನು ಒಡೆಯನ ಮರಣಾನಂತರ ಆದೋನಿಯ ಕೋಟೆಯನ್ನು ಸ್ವತಂತ್ರವಾಗಿ ಹಿಡಿದುಕೊಂಡಿದ್ದನು. 1568ರಲ್ಲಿ ಅಲಿ ಆದಿಲ್ ಶಾಹನು ಅಂಕುಶ್ ಖಾನನನ್ನು ಕಳುಹಿಸಿ ಮುತ್ತಿಗೆ ಹಾಕಿಸಿ ಅದನ್ನು ವಶಪಡಿಸಿಕೊಂಡನು. ಅನಂತರ 1688ರಲ್ಲಿ ಔರಂಗಜೇಬನ ದಂಡು ಬರುವವರೆಗೆ, ನೂರಿಪ್ಪತ್ತು ವರ್ಷ, ಆದೋನಿ ಬಿಜಾಪುರದವರದು. ಆ ಬೆಟ್ಟದ ಬಂಡೆಗಳು ಇಂದಿಗೂ ಹಾಗೆಯೇ ಇವೆ. ಚಿತ್ರಕಾರನು ಅಲ್ಲಿಯೇ ಕುಳಿತು ರೇಖೆ ಹಾಕಬಹುದು.

ಚಿತ್ರದ ಕೆಳಗಿನ ಬರೆಹವು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಇರುವುದು ಯುಕ್ತ. ಮೂರರಲ್ಲೂ ಒಂದೇ ಮಾತಿರಬೇಕು: ಕಾಳಗದ ಎರಡೂ ಹೆಸರುಗಳು, 1565ರ ಜನವರಿ 23 ಎಂಬ ತೇದಿ, ಅದು ಹಳೆಯ ಪಂಚಾಂಗದ್ದೆಂಬ ಸೂಚನೆ, ಪಲ್ಲಕ್ಕಿಯ ದೃಶ್ಯ ಫಿರಿಶ್ತಾನ ಬರೆಹವನ್ನು ಅನುಸರಿಸಿದ್ದೆಂಬ ಒಂದು ಸಾಲು, ಟೊಪ್ಪಿಗೆಗಳಿಗೆ ಲೇಪಾಕ್ಷಿ ಮಾದರಿಯೆಂಬ ಇನ್ನೊಂದು ಸಾಲು. ಕೊನೆಯಲ್ಲಿ ಚಿತ್ರಕಾರನ ಹೆಸರು ಮತ್ತು ಬರೆದ ವರ್ಷ.